ಕ್ರೂಸ್ ಭಾವ

ಕಾಸರಗೋಡಿನ ಅಡಿಕೆ ತೋಟದ ಕನ್ನಡ ಮನೆಗಳಲ್ಲಿ ವರ್ಷಕ್ಕೊಮ್ಮೆ ಕಡಲಯಾನದ ಮಾತೆತ್ತುವ ಭಾವನೊಬ್ಬ ಇದ್ದೇ ಇರುತ್ತಾನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಇವನ ಸಂಖ್ಯೆ ಹೆಚ್ಚು. ಅಲ್ಲಿಂದ ಕಡಲು ಕಣ್ಣಿಗೆ ಬೀಳುವುದಿಲ್ಲ, ಮಾತಿಗೆ ಮಾತ್ರ ಸಿಗುತ್ತದೆ, ಅದೇ ಕಾರಣವಿರಬೇಕು.

ಆರಂಭ ಯಾವಾಗಲೂ ದೊಡ್ಡ ಹಡಗಿನಿಂದ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದತ್ತ ಹೋಗುವ ಹಡಗಿನ ದರಪಟ್ಟಿ ಮನೆಯವರ ವಾಟ್ಸಾಪಿಗೆ ಬೀಳುತ್ತದೆ. ತಲಾ ಟಿಕೇಟಿಗೆ ಎಷ್ಟು ಕಿಲೋ ಅಡಿಕೆ ಎಂದು ಲೆಕ್ಕ ಹಾಕಿದ ಸಂಜೆಯೇ ಹಡಗು ಕಣ್ಮರೆಯಾಗುತ್ತದೆ.

ಆಮೇಲೆ ಊರಿನ ಸರದಿ. ನೀಲೇಶ್ವರದ ಕೋಟ್ಟಪ್ಪುರಂ ಜೆಟ್ಟಿಯಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟುಗಳು ಹೋಗುತ್ತವೆ. ಉದ್ದನೆಯ ಮರಳುದಿಣ್ಣೆಯೊಂದು ಅರಬ್ಬಿ ಕಡಲಿಗೆ ಅಡ್ಡ ಮಲಗಿರುವುದರಿಂದ ಒಳಗಿನ ನೀರು ಶಾಂತ. ಹೊಟ್ಟೆ ತೊಳಸುವ ಅತ್ತೆಗೂ ಭಯವಿಲ್ಲ. ದಾರಿಯಲ್ಲಿ ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದನ್ನು ಭಾವ ತನ್ನ ಅಜ್ಜನೇ ಕಲ್ಲು ಹೊತ್ತಂತೆ ವಿವರಿಸುತ್ತಾನೆ. ಚಂದ್ರಗಿರಿ ಕೋಟೆಯೂ ಅದೇ ಉಸಿರಿನಲ್ಲಿ ಬರುತ್ತದೆ. ಮನೆಯ ಹೆಂಗಸರಿಗೆ ಮಾತ್ರ ಬೇಕಲವೆಂದರೆ 1995ರ ‘ಬಾಂಬೆ’ ಸಿನಿಮಾದ ಹಾಡು.

ನಿಜವಾದ ಪಾಂಡಿತ್ಯ ಕಾಣುವುದು ದಿನ ಗೊತ್ತುಮಾಡುವಾಗ. ಈ ತೀರದಲ್ಲಿ ಸೆಕೆ ತಾಳುವಂತಿರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಅಂಗಳದಲ್ಲಿ ಅಡಿಕೆ ಒಣಗುವುದೂ ಆಗಲೇ. ಮೋಡ ಕವಿದರೆ ಬಾಚಿ ಒಳಗಿಡಲು ಜನ ಬೇಡವೇ? ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುತ್ತವೆ, ಜಾತ್ರೆ ಕೋಲಗಳು ಸಾಲುಗಟ್ಟುತ್ತವೆ. ಮಾರ್ಚಿಗೆ ಮಕ್ಕಳ ಪರೀಕ್ಷೆ, ಆಮೇಲೆ ಉಪನಯನ, ಮದುವೆ. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಭಾವನಿಗೂ ಪುರುಸೊತ್ತು. ಆಗ ನೋಡಿದರೆ ಮಳೆಗಾಲ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಟ್ರಾಲಿಂಗ್ ನಿಷೇಧ. “ಮೀನಿನವರೇ ಹೋಗುವುದಿಲ್ಲ, ನಾವು ಹೋಗುವುದಾ?” ಎಂದು ಭಾವ ತೀರ್ಪು ಕೊಡುತ್ತಾನೆ. ನಿಷೇಧ ಮೊಟ್ಟೆಯಿಡುವ ಮೀನಿಗಾಗಿ, ಹಿನ್ನೀರಿನಲ್ಲಿ ಚಹಾ ಕುಡಿಯುವವರಿಗಲ್ಲ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಹೇಗೋ ದಿನ ಕೂಡಿಬಂತೆನ್ನಿ, ಊಟ ಅಡ್ಡ ಬರುತ್ತದೆ. ಹೌಸ್‌ಬೋಟಿನವರ ಹೆಮ್ಮೆ ಕರಿಮೀನು; ಭಾವನ ಮನೆ ಈರುಳ್ಳಿಗೂ ವಾರ ನೋಡುವಂಥದ್ದು. ಹಾಗಾಗಿ ಅಡುಗೆ ಭಟ್ಟರು, ಅವರ ಸಹಾಯಕ, ಎರಡು ಉರುಳಿ, ಗ್ಯಾಸ್ ಒಲೆ, ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಡಬ್ಬಿ ಎಲ್ಲವೂ ಪಟ್ಟಿಗೆ ಸೇರುತ್ತವೆ. ಪಾತ್ರೆಗಳಿಗೇ ಇನ್ನೊಂದು ದೋಣಿ ಬೇಕೆಂದು ಗೊತ್ತಾದಾಗ ಯಾನ ಮುಂದಿನ ವರ್ಷಕ್ಕೆ ಹೋಗುತ್ತದೆ. ಪಟ್ಟಿಯನ್ನು ಮಾತ್ರ ಜೋಪಾನವಾಗಿ ಎತ್ತಿಡಲಾಗುತ್ತದೆ.

ಮನೆಯಲ್ಲಿ ಇಂಥ ಭಾವ ಇರುವವರು ರಾತ್ರಿ ತಂಗುವ ಯೋಚನೆ ಬಿಟ್ಟು, ನವೆಂಬರಿನ ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ರೈಲಿನಲ್ಲಿ ನೀಲೇಶ್ವರಕ್ಕೆ ಇಳಿಯುವುದು ಒಳ್ಳೆಯದು. ಹಗಲಿನ ಯಾನವೇ ಸಾಕಷ್ಟಾಗುತ್ತದೆ. ಭಾವನಿಗೆ ದೋಣಿ ಹೊರಟ ಮೇಲೆ ಫೋನ್ ಮಾಡಿ.