ಮುದ್ದತ್ ಕಾಕಾ

ರಸ್ತೆ ಬದಿಯ ಕಾಮಗಾರಿ ಫಲಕವನ್ನು ಮೇಲಿಂದ ಕೆಳಗಿನ ತನಕ ಓದುವವರು ಇಬ್ಬರೇ. ಒಬ್ಬ ಅದನ್ನು ಬರೆದ ಪೇಂಟರ್, ಇನ್ನೊಬ್ಬರು ಮುದ್ದತ್ ಕಾಕಾ. ಪೇಂಟರ್ ಕೂಡ ಎಷ್ಟೋ ಸಲ ಕೊನೆಯ ಸಾಲನ್ನು ಬಿಟ್ಟು ಎದ್ದಿರುತ್ತಾನೆ. ‘ಪ್ರಾರಂಭಿಸಿದ ದಿನಾಂಕ’ದ ಮುಂದೆ ತಾರೀಖು ಇರುತ್ತದೆ, ‘ಮುಗಿಯುವ ದಿನಾಂಕ’ದ ಮುಂದೆ ಬರೀ ಚುಕ್ಕಿ. ಕಾಕಾ ಕನ್ನಡಕ ಏರಿಸಿ ಆ ಚುಕ್ಕಿಗಳನ್ನೂ ಓದುತ್ತಾರೆ. “ಈ ಗುತ್ತೇದಾರ ಭಾಳ ಪ್ರಾಮಾಣಿಕ ಮನುಷ್ಯಾ ಇದ್ದಾನ ನೋಡ್ರಿ. ಸುಳ್ಳ ಬರ್ದಿಲ್ಲ.”

ಕಾಕಾ ಅಂದರೆ ಯಾರೋ ಒಬ್ಬ ಮನುಷ್ಯ ಎಂದುಕೊಳ್ಳಬೇಡಿ. ಬೀದರದಲ್ಲಿ ಅವರು ನಿವೃತ್ತ ಸೆಕ್ಷನ್ ಆಫೀಸರ್. ಭಾಲ್ಕಿಯಲ್ಲಿ ಶಾಲೆಯ ಎರಡು ಕೋಣೆ ಕಟ್ಟಿಸುವುದರೊಳಗೆ ತಲೆ ಬೆಳ್ಳಗಾದ ಹೆಡ್‌ಮಾಸ್ತರು. ಔರಾದದಲ್ಲಿ ಒಮ್ಮೆ ಸಣ್ಣ ಗುತ್ತಿಗೆ ಹಿಡಿದು ಕೈ ಸುಟ್ಟುಕೊಂಡ ಒಕ್ಕಲಿಗ. ಊರು ಯಾವುದಾದರೂ ಗುರುತು ಒಂದೇ: ಬಿಳಿ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ಸಿಲ್, ಮಾತಿನ ಕೊನೆಗೆ “ಆಗಲ್ರಿ”.

ಬೀದರದ ಕಾಕಾ ಕೂಡುವುದು ಮಹಮೂದ್ ಗವಾನ್ ಮದರಸಾದ ಹತ್ತಿರದ ಚಹಾದಂಗಡಿಯಲ್ಲಿ. 1472ರಲ್ಲಿ ಮುಗಿದ ಕಟ್ಟಡ ಅದು. ಅದರ ಕಡೆ ಕೈ ತೋರಿಸಿ ಅವರು ದಿನಾ ಒಂದು ಮಾತು ಹೇಳುತ್ತಾರೆ: “ಆಗ ಮುಗಿದ ತಾರೀಖು ಬರೀತಿದ್ರು. ಈಗ ಚಾಲೂ ಆದ ತಾರೀಖು ಬರೀತಾರ.”

ಒಂದು ಸಂಜೆ ತರುಣ ಎಂಜಿನಿಯರನೊಬ್ಬ ಬಣ್ಣಬಣ್ಣದ ಬಾರ್ ಚಾರ್ಟ್ ತಂದು ಟೇಬಲ್ ಮೇಲೆ ಹರಡಿದ. ಸಮುದಾಯ ಭವನ, ಒಂಬತ್ತು ತಿಂಗಳ ಮುದ್ದತ್ತು. ಕಾಕಾ ಬಸಿಯಲ್ಲಿ ಚಹಾ ಸುರುವಿಕೊಂಡು ಪಟ್ಟಿಗಳ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

“ಸ್ಲ್ಯಾಬ್ ಯಾವಾಗ?”

“ಇಲ್ಲಿ ಸರ್, ಹತ್ತನೇ ತಾರೀಖು.”

“ಒಳಗಿನ ಪ್ಲಾಸ್ಟರ್?”

“ಹದಿನಾಲ್ಕರಿಂದ.”

“ಸೆಂಟ್ರಿಂಗ್ ಕಂಬ ಇನ್ನಾ ನಿಂತಾವಲ್ಲಪ್ಪಾ! ಎರಡು ವಾರ ಆದ್ರೂ ಅವನ್ನ ಅಳ್ಳಾಡಸಂಗಿಲ್ಲ. ನಿನ್ನ ಗೌಂಡಿ ಎಲ್ಲಿ ನಿಲ್ತಾನ? ಕಂಬಕ್ಕ ಜೋತು ಬಿದ್ದು ಪ್ಲಾಸ್ಟರ್ ಮಾಡ್ತಾನೇನು?”

ಹುಡುಗ ತಬ್ಬಿಬ್ಬಾದ. ಕೆಂಪು ಪೆನ್ಸಿಲ್ ಹೊರಬಂತು. ಬಾರ್ ಚಾರ್ಟಿನ ಹಣೆಬರಹವೇ ಅಷ್ಟು. ಯಾವ ಕೆಲಸ ಯಾವ ದಿನ ಎಂದು ಹೇಳುತ್ತದೆ, ಯಾವುದು ಯಾವುದಕ್ಕೆ ಕಾಯಬೇಕು ಎಂದು ಹೇಳುವುದಿಲ್ಲ. ಆ ಕಾಯುವ ಸರಪಳಿಯನ್ನು ಹಿಡಿಯಲಿಕ್ಕೆಂದೇ 1957ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಕ್ರಿಟಿಕಲ್ ಪಾಥ್ ಪದ್ಧತಿ ಕಂಡುಹಿಡಿದರು. ಯಾವ ಕೆಲಸ ಒಂದು ದಿನ ಜಾರಿದರೆ ಇಡೀ ಯೋಜನೆ ಒಂದು ದಿನ ಜಾರುತ್ತದೋ, ಅಂಥವುಗಳ ಸಾಲು ಅದು. ಕಾಕಾ ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಬಿಲ್ ಪಾಸಾಗದೆ ಓಡಿಹೋದ ಗೌಂಡಿಗಳನ್ನು ಹುಡುಕುತ್ತ ಕಲಿತವರು.

ಡ್ಯುಪಾಂಟಿನವರಿಗೆ ತಿಳಿಯದ ವಿದ್ಯೆಯೂ ಅವರ ಹತ್ತಿರ ಇದೆ. “ಕಾರ್ಯಾದೇಶ ಮೇ ತಿಂಗಳದಾಗ ಬಂತು. ಜೂನಿನಾಗ ಮಿರಗ ಕೂಡ್ತದ. ಬೀದರ ಊರಾಗ ಕೆಂಪು ಮಣ್ಣು, ಹೆಂಗೋ ನಡೀತದ. ಭಾಲ್ಕಿ ಕಡೆ ಎರಿ ಹೊಲದಾಗ ಜೆಸಿಬಿ ಇಳಿಸಿದಿ ಅಂದ್ರ ದಸರಾಕ್ಕೇ ಎಬ್ಬಿಸಬೇಕು. ಆಮ್ಯಾಲ ಸೋಯಾ ರಾಶಿ, ಆಳು ಬರಲ್ಲ. ದೀಪಾವಳಿ. ಎಳ್ಳಮಾವಾಸಿಗೆ ಊರಿಗೆ ಊರೇ ಹೊಲದಾಗ ಕುಂತು ಭಜ್ಜಿ ಉಣ್ತದ, ನಿನ್ನ ಇಟ್ಟಂಗಿ ಯಾರು ಹೊರ್ತಾರ? ಬೆಂಗಳೂರಿನ ಕಂಪ್ಯೂಟರಿಗೆ ಎಳ್ಳಮಾವಾಸಿ ಗೊತ್ತದ ಏನು?” ನಡುವೆ ಚುನಾವಣೆ ನೀತಿ ಸಂಹಿತೆ ಬಂದರೆ ಅದು ಬೇರೆ. ಮಾರ್ಚ್ 31 ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಅವತ್ತು ಕೆಲಸವಲ್ಲ, ಬಿಲ್ಲು ಮುಗಿಯಬೇಕು.

ಕಾಕಾನ ವಾದಕ್ಕೆ ಊರಿನ ಚರಿತ್ರೆಯೇ ಸಾಕ್ಷಿ. ಬೀದರ–ಕಲಬುರಗಿ ರೈಲು ಮಾರ್ಗ ಸುಮಾರು 110 ಕಿ.ಮೀ. 1990ರ ದಶಕದಲ್ಲಿ ಮಂಜೂರಾದದ್ದು ಪೂರ್ತಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ವರ್ಷಕ್ಕೆ ಐದಾರು ಕಿ.ಮೀ. ಎಂದು ಕಾಕಾ ಭಾಗಾಕಾರ ಮಾಡಿ ತೋರಿಸುತ್ತಾರೆ. ಮಂಜೂರಾದಾಗ ತೊಟ್ಟಿಲಲ್ಲಿದ್ದ ಮಗು ಉದ್ಘಾಟನೆಯ ದಿನ ಓಟು ಹಾಕುವ ವಯಸ್ಸು ದಾಟಿತ್ತು.

ಆದರೆ ಅವರಿಗೆ ಜೀವಕ್ಕಿಂತ ಪ್ರಿಯವಾದ ಪ್ರಕರಣ ವಿಮಾನ ನಿಲ್ದಾಣದ್ದು. ಅದನ್ನು ಹೇಳುವಾಗ ಸ್ವರ ಇಳಿಸುತ್ತಾರೆ. ಅಲ್ಲಿ ಟರ್ಮಿನಲ್ ಕಟ್ಟಡ ಮುಗಿದಿತ್ತು. ರನ್‌ವೇ ಅಂತೂ ವಾಯುಪಡೆಯದು, ಮೊದಲಿನಿಂದಲೂ ಇದ್ದದ್ದು. ವಿಮಾನ ಮಾತ್ರ ಇಲ್ಲ. ಹೈದರಾಬಾದಿನ ಹೊಸ ನಿಲ್ದಾಣ ಕಟ್ಟಿದವರ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ನಾಗರಿಕ ವಿಮಾನ ನಿಲ್ದಾಣ ಕೂಡದು ಎಂಬ ಷರತ್ತಿತ್ತು, ಬೀದರ ಅದರೊಳಗೇ ಬರುತ್ತಿತ್ತು. ಕಟ್ಟಡ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತು, 2020ರ ಫೆಬ್ರುವರಿ 7ಕ್ಕೆ ಬೆಂಗಳೂರಿನ ವಿಮಾನ ಇಳಿಯಿತು. “ಗೋಡಿ ಬಿದ್ದಿಲ್ಲ, ಸಿಮೆಂಟ್ ಕಡಿಮಿ ಬಿದ್ದಿಲ್ಲ. ನಮ್ಮ ಕೆಲಸ ನಿಂತಿದ್ದು ಮತ್ತೊಬ್ಬರ ಊರಿನ ಕಾಗದದಾಗ! ಅದನ್ನ ಯಾವ ಚಾರ್ಟಿನಾಗ ಬರ್ದಿದ್ರೋ?” ಎನ್ನುವಾಗ ಕಾಕಾನ ಮುಖದಲ್ಲಿ ಸಂಕಟವಿರುವುದಿಲ್ಲ. ಸಂಗೀತಗಾರನಿಗೆ ಅಪರೂಪದ ರಾಗ ಸಿಕ್ಕಾಗಿನ ಕಳೆ ಇರುತ್ತದೆ.

ಔರಾದದ ಕಾಕಾನ ಗೋಳು ಬೇರೆ. ಔರಾದ ಮೇಲೆ ಹಾಯ್ದು ನಾಂದೇಡಿಗೆ ಹೋಗಬೇಕಾದ ರೈಲಿನ ಮಾತು ಕೇಳುತ್ತಲೇ ಅವರಿಗೆ ವಯಸ್ಸಾಯಿತು. “ಬೀದರದವರು ಪುಣ್ಯವಂತರು, ಅವರಿಗೆ ತಡ ಆದ್ರೂ ಆಯ್ತು. ನಮಗ ತಡ ಆಗ್ಲಿಕ್ಕ ಮೊದಲ ಒಂದು ತಾರೀಖಾದ್ರೂ ಬೇಕಲ್ಲ!”

ಈ ಚಟ ಕಾಮಗಾರಿಗಷ್ಟೇ ನಿಲ್ಲುವುದಿಲ್ಲ. ಮದುವೆ ಕರೆಯೋಲೆ ಕೈಗಿತ್ತರೆ ದೇವರ ಚಿತ್ರ, ವಧುವರರ ಹೆಸರು ದಾಟಿ ಕಣ್ಣು ನೇರ ಅಕ್ಷತೆಯ ಸಮಯಕ್ಕೆ ಹೋಗುತ್ತದೆ. “12:35 ಅಂತಾರ. ಬೀಗರು ಉದಗೀರದಿಂದ ಬರಬೇಕು. ಬ್ಯಾಂಡಿನವರಿಗೆ ಇನ್ನೊಂದು ಮದುವಿ ಅದ. ಎರಡೂವರಿ.” ಹುಡುಗಿಯ ತಂದೆ ಮುಖ ಗಂಟಿಕ್ಕುತ್ತಾನೆ. ಅಡಿಗೆಯವ ಮಾತ್ರ ಹಿಂದಿನ ಬಾಗಿಲಿನಿಂದ ಬಂದು ಕಾಕಾನನ್ನು ಕೇಳಿಕೊಂಡೇ ಅನ್ನಕ್ಕೆ ಎಸರಿಡುತ್ತಾನೆ.

ಭಾಲ್ಕಿ ಕಡೆಯ ಹಳ್ಳವೊಂದಕ್ಕೆ ಸಣ್ಣ ಸೇತುವೆ ಮಂಜೂರಾದಾಗ ಗುತ್ತೇದಾರನೊಬ್ಬ ಶೆಡ್ಯೂಲ್ ಹಿಡಿದು ಬಂದು ಕಾಕಾನ ಕಾಲಿಗೆ ಬಿದ್ದ. ತಪ್ಪು ಹುಡುಕಿ ಕೊಡಿರೆಂದು ಯಾರಾದರೂ ತಾವಾಗಿಯೇ ಕೇಳಿದ್ದು ಅದೇ ಮೊದಲು. ಕಾಕಾ ಉಬ್ಬಿಹೋದರು. ರಾತ್ರಿಯಿಡೀ ಕೂತು ನಾಲ್ಕು ಹಾಳೆ ಬರೆದರು. ವಿದ್ಯುತ್ ಕಂಬ ಸರಿಸಲು ಅರ್ಜಿಯೇ ಹೋಗಿಲ್ಲ. ಪಾಯ ತೆಗೆಯುವುದು ಮಳೆಗಾಲದಲ್ಲಿ ಬಿದ್ದಿದೆ. ಬದಲಿ ರಸ್ತೆಗೆ ಹೊಲ ಕೊಡಬೇಕಾದ ರೈತರನ್ನು ಯಾರೂ ಮಾತಾಡಿಸಿಲ್ಲ. ಹೀಗೆ ಒಂದೊಂದಕ್ಕೂ ಪರಿಹಾರ ಸಹಿತ. ಗುತ್ತೇದಾರ ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಒಯ್ದ.

ಮುಂದಿನ ಮಳೆಗಾಲ ಕಳೆದ ಮೇಲೆ ಕಾಕಾ ಹಳೆಯ ಗೆಳೆಯರನ್ನು ನೋಡಲು ಕಚೇರಿಗೆ ಹೋದಾಗ ಆ ಸೇತುವೆಯ ಫೈಲು ಟೇಬಲ್ ಮೇಲೆಯೇ ಇತ್ತು. ಮೇಲಿನದು ಕಾಲಾವಧಿ ವಿಸ್ತರಣೆ ಕೋರಿದ ಅರ್ಜಿ. ನಾಲ್ಕು ಹಾಳೆ, ಕಾಕಾನವೇ ವಾಕ್ಯಗಳು. ಪರಿಹಾರಗಳನ್ನು ಕೈಬಿಟ್ಟಿದ್ದ, ಕಾಲವನ್ನಷ್ಟೇ ತಿದ್ದಿದ್ದ. ‘ಮಳೆ ಬರುತ್ತದೆ’ ಇದ್ದದ್ದು ‘ಮಳೆ ಬಂದಿದ್ದರಿಂದ’ ಆಗಿತ್ತು, ‘ಕಂಬ ಸರಿಯುವುದಿಲ್ಲ’ ಇದ್ದದ್ದು ‘ಕಂಬ ಸರಿಯದ ಕಾರಣ’. ಮುದ್ದತ್ತು ಮುಗಿಯುವ ಹದಿನೈದು ದಿನ ಮೊದಲೇ ಸಲ್ಲಿಕೆಯಾದ ಕಾಗದ. ಇಡೀ ಕಾಮಗಾರಿಯಲ್ಲಿ ವೇಳೆಗೆ ಮುಂಚೆ ಆದದ್ದು ಅದೊಂದೇ.

ಗುಮಾಸ್ತ ಕಾಕಾನ ಮುಖ ನೋಡಿದ. ಈಗ ಸಿಡಿಯುತ್ತಾರೆ ಎಂದುಕೊಂಡ. ಕಾಕಾ ಕೊನೆಯ ಹಾಳೆ ತಿರುವಿ, ಜೇಬಿಗೆ ಕೈ ಹಾಕಿ ಕೆಂಪು ಪೆನ್ಸಿಲ್ ತೆಗೆದರು.

“ನಾಲ್ಕೇ ತಿಂಗಳ ಕೇಳ್ಯಾನ. ನಡುವ ಎಳ್ಳಮಾವಾಸಿ ಬರ್ತದ. ಆಗಲ್ರಿ.”