ನದಿಗೆ ನೀಲಿ ಹಾಕುವ ಕ್ರಮ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಕೈಗೆತ್ತಿಕೊಂಡಿದ್ದಕ್ಕೆ ಅಭಿನಂದನೆಗಳು. ತಾವು ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಯ ಮಾಲೀಕರಿರಬಹುದು. ಇಲ್ಲವೇ ಆ ಗಣಿಗಳ ಕೊಳೆನೀರನ್ನು ಹದ್ದುಬಸ್ತಿನಲ್ಲಿಡಲು ಈಗಷ್ಟೇ ವರ್ಗವಾಗಿ ಬಂದ ಅಧಿಕಾರಿಯಿರಬಹುದು. ಇಬ್ಬರೂ ಮಾಡಬೇಕಾದ್ದು ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೇರೆ ಬೇರೆ ಆವೃತ್ತಿ ಅಚ್ಚು ಹಾಕಿಸಿಲ್ಲ.

ಬೇಕಾಗುವ ಸಾಮಗ್ರಿ: ಗಂಧಕ ಹೆಚ್ಚಿರುವ ಕಲ್ಲಿದ್ದಲು, ಮಳೆ, ಗಾಳಿ. ಮೂರೂ ಸ್ಥಳದಲ್ಲೇ ಲಭ್ಯ. ಮಳೆಯ ಬಗ್ಗೆಯಂತೂ ಚಿರಾಪುಂಜಿ ಇರುವ ರಾಜ್ಯದಲ್ಲಿ ಚಿಂತೆಯೇ ಬೇಡ.

ಅಳವಡಿಸುವ ವಿಧಾನ: ನೆಟ್ಟಗೆ ಒಂದು ಬಾವಿ ತೋಡಿ. ಇದ್ದಲ ಪದರ ಸಿಕ್ಕಿದ ಕೂಡಲೇ ಅಡ್ಡಡ್ಡ ಬಿಲ ಕೊರೆಸಿ. ಪದರವೇ ತೆಳು, ಹಾಗಾಗಿ ಆಳು ಅಂಬೆಗಾಲಿನಲ್ಲಿ ತೂರುವಷ್ಟು ಎತ್ತರವಿದ್ದರೆ ಸಾಕು. ಇದಕ್ಕೆ ಇಲಿಬಿಲ ಗಣಿ ಎಂದು ಹೆಸರು. ಇಲಿಗಳ ಒಪ್ಪಿಗೆ ಪಡೆದಿಲ್ಲ. ಒಳಗೆ ನೀರು ಜಿನುಗಿದರೆ ಪಂಪ್ ಹಚ್ಚಿ ಹಳ್ಳಕ್ಕೆ ಬಿಡಿ. ಇದ್ದಲು ಬರಿದಾದ ಮೇಲೆ ಬಾವಿಯನ್ನು ಮುಚ್ಚುವ ಗೋಜಿಗೆ ಹೋಗದೆ ಪಕ್ಕದಲ್ಲಿ ಇನ್ನೊಂದನ್ನು ತೋಡಿ.

ಗಣಿ ಎಂಬ ಈ ಉಪಕರಣದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮಾಲೀಕರು ಮನೆಗೆ ಹೋದರೂ ಇದು ನಿಲ್ಲುವುದಿಲ್ಲ. ಇದ್ದಲಿನ ಜೊತೆಗಿರುವ ಪೈರೈಟ್ ಎಂಬ ಖನಿಜಕ್ಕೆ ನೀರೂ ಗಾಳಿಯೂ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸಂಬಳ ಕೇಳದೆ ಆ ಕೆಲಸವನ್ನು ಚುರುಕಾಗಿ ನಡೆಸಿಕೊಡುತ್ತವೆ. ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕೂರುತ್ತದೆ, ಅದು ಕಬ್ಬಿಣ. ನೀರು ಮಾತ್ರ ಕೆಲವು ಕಡೆ ತಳ ಕಾಣುವಷ್ಟು ತಿಳಿ. ಕಲಕಲು ಮೀನುಗಳಿರಬೇಕಲ್ಲ! ಇಲ್ಲಿನ ಲುಖಾ ನದಿ ಚಳಿಗಾಲದಲ್ಲಿ ನೀಲಿಗೆ ತಿರುಗಿದಾಗ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಸೋನಾಪುರದ ಬಳಿ ಹೆದ್ದಾರಿಯಲ್ಲಿ ಹೋಗುವವರು ಇಳಿದು ಫೋಟೊ ತೆಗೆದರೆ ಅಡ್ಡಿಪಡಿಸಬೇಡಿ.

ಅಳತೆ: ಕಲ್ಲಿದ್ದಲು ಗಣಿಯಿಂದ ಹೊರಬೀಳುವ ನೀರಿಗೆ ಕೇಂದ್ರ ಸರ್ಕಾರ 2000ದಲ್ಲಿ ಮಾನದಂಡ ಪ್ರಕಟಿಸಿದೆ. ಪಿಎಚ್ 5.5ರಿಂದ 9ರೊಳಗಿರಬೇಕು. ತೇಲುಕಣ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ-ಜಿಡ್ಡು 10 ಮಿಲಿಗ್ರಾಂ ಮೀರಬಾರದು. ತಮ್ಮ ಹಳ್ಳದಲ್ಲಿ ಪಿಎಚ್ 3ರ ಆಸುಪಾಸು ಬಂದರೆ ಗಾಬರಿಯಾಗಬೇಡಿ. ಪಿಎಚ್ ಒಂದಂಕಿ ಇಳಿದರೆ ಆಮ್ಲೀಯತೆ ಹತ್ತುಪಟ್ಟು ಏರುತ್ತದೆ ಎಂಬುದು ಮೀನುಗಳ ತಲೆನೋವು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಷರತ್ತುಗಳಿರುತ್ತವೆ, ನಿಜ. ಆದರೆ ಅನುಮತಿಯನ್ನೇ ಕೇಳದವರು ಯಾವ ಷರತ್ತನ್ನು ಮುರಿದಂತಾಯಿತು? ಅಧಿಕಾರಿಗಳು ಸ್ಯಾಂಪಲ್ ಬಾಟಲಿ ಹಿಡಿದು ಕೊಳವೆಯ ಬಾಯಿ ಹುಡುಕುತ್ತಾರೆ. ಪಾಳುಬಿದ್ದ ಬಾವಿಗೆ ಕೊಳವೆಯೂ ಇಲ್ಲ, ಬಾಗಿಲಿಗೆ ನೋಟಿಸ್ ಅಂಟಿಸೋಣವೆಂದರೆ ಬಾಗಿಲೂ ಇಲ್ಲ.

ಆಮ್ಲವನ್ನು ತಣಿಸಲು ಸುಣ್ಣಕಲ್ಲು ಬೇಕು. ಅದು ಈ ಬೆಟ್ಟಗಳಲ್ಲೇ ಹೇರಳವಾಗಿದೆ; ಲುಮ್‌ಶ್ನಾಂಗ್ ಕಡೆಯ ಕಾರ್ಖಾನೆಗಳಲ್ಲಿ ಸಿಮೆಂಟ್ ಆಗುತ್ತಿದೆ. ತಂದು ಹಳ್ಳಕ್ಕೆ ಸುರಿದರೂ ಆ ಕಬ್ಬಿಣದ ಲೋಳೆ ಕಲ್ಲಿನ ಮೈ ಮುಚ್ಚಿ, ಸ್ವಲ್ಪ ದಿನಕ್ಕೆ ಕಲ್ಲು ಕೆಲಸ ಬಿಡುತ್ತದೆ.

ದೋಷ ಮತ್ತು ಪರಿಹಾರ: ನೀರು ಗಡಿ ದಾಟಿದರೆ ದೂರು ಬರುವ ಸಂಭವವಿದೆ. ಅಸ್ಸಾಮಿನ ಕೊಪಿಲಿ ಜಲವಿದ್ಯುತ್ ಯೋಜನೆಯ ಯಂತ್ರಗಳ ಲೋಹವನ್ನೇ ಆಮ್ಲದ ನೀರು ತಿಂದಿತು. ಕೊಪಿಲಿ ನದಿಯ ಪರವಾಗಿ ದಿಮಾಸಾ ವಿದ್ಯಾರ್ಥಿ ಸಂಘಟನೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದ ಮೇಲೆ, 2014ರ ಏಪ್ರಿಲ್ 17ರಂದು ಇಲಿಬಿಲ ಗಣಿಗಾರಿಕೆಗೆ ನಿಷೇಧ ಬಿತ್ತು. ಇದಕ್ಕೆ ಪರಿಹಾರ ಸುಲಭ: ನಿಷೇಧಕ್ಕೆ ಮೊದಲೇ ತೆಗೆದಿಟ್ಟ ಇದ್ದಲನ್ನು ಸಾಗಿಸುತ್ತಿದ್ದೇವೆ ಎನ್ನಿ. ಅದಕ್ಕೆ ಅವಕಾಶವಿತ್ತು, ಗಡುವೂ ಮತ್ತೆ ಮತ್ತೆ ವಿಸ್ತರಣೆಯಾಯಿತು. ಆ ರಾಶಿ ದ್ರೌಪದಿಯ ಅಕ್ಷಯಪಾತ್ರೆಯಂತೆ ವರ್ಷಾನುಗಟ್ಟಲೆ ಖಾಲಿಯಾಗಲೇ ಇಲ್ಲ.

2018ರ ಡಿಸೆಂಬರ್ 13ರಂದು, ಅದೇ ನಿಷೇಧ ಜಾರಿಯಲ್ಲಿದ್ದಾಗ, ಕ್ಸಾನ್ ಎಂಬಲ್ಲಿ ಗಣಿಗೆ ನೀರು ನುಗ್ಗಿ ಕನಿಷ್ಠ ಹದಿನೈದು ಮಂದಿ ಒಳಗೇ ಉಳಿದರು. ಹೆಚ್ಚಿನವರ ದೇಹವೂ ಮೇಲೆ ಬರಲಿಲ್ಲ. ಈ ದೋಷಕ್ಕೆ ಕೈಪಿಡಿಯಲ್ಲಿ ಪರಿಹಾರವಿಲ್ಲ. ಮುಂದಿನ ತಿಂಗಳು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 100 ಕೋಟಿ ರೂಪಾಯಿ ದಂಡ ಹಾಕಿತು. ಬಾವಿ ತೋಡಿದವರಿಗಲ್ಲ, ಸರ್ಕಾರಕ್ಕೆ.

ವಾರಂಟಿ: ಅಮೆರಿಕದಲ್ಲಿ 1977ರ ಕಾಯ್ದೆ ಬಂದಂದಿನಿಂದ ನೆಲ ಅಗೆಯುವ ಮೊದಲೇ ಕಂಪನಿ ಠೇವಣಿ ಇಡಬೇಕು, ನೆಲ ನೀರು ಸರಿಪಡಿಸಿದ ಮೇಲಷ್ಟೇ ಹಣ ವಾಪಸ್ಸು. ಅಲ್ಲೂ ಎಲ್ಲ ನೆಟ್ಟಗಾಗಿಲ್ಲ, ಆದರೆ ಹಿಡಿಯಲು ಒಂದು ಜುಟ್ಟಾದರೂ ಇದೆ. ನಮ್ಮಲ್ಲಿಯೂ ಕಲ್ಲಿದ್ದಲು ಗಣಿ ಮುಚ್ಚುವ ಖರ್ಚಿಗೆ ಮೊದಲೇ ಖಾತೆ ತೆರೆದು ಹಣವಿಡಬೇಕೆಂಬ ಮಾರ್ಗಸೂಚಿ 2009ರಲ್ಲಿ ಬಂತು. ಜೈಂತಿಯಾದ ಸಾವಿರಾರು ಇಲಿಬಿಲಗಳನ್ನು ತೋಡಿದವರು ಅಂಥ ಒಂದು ರೂಪಾಯಿಯನ್ನೂ ಇಟ್ಟು ತೋಡಿದವರಲ್ಲ.