ಕಬಾಬ್ ತಿನ್ನೋರ ಹಟಗಳು

ಸಾರಿನ ವಿಷಯಕ್ಕೆ ನಮ್ಮ ಜನ ಅಷ್ಟಾಗಿ ಜಗಳ ಆಡೋದಿಲ್ಲ. ಉಪ್ಪು ಕಮ್ಮಿಯಾದ್ರೆ ಹಾಕ್ಕೋತಾರೆ, ಖಾರ ಜಾಸ್ತಿಯಾದ್ರೆ ತುಪ್ಪ ಬಿಟ್ಕೋತಾರೆ, ಮುದ್ದೆ ನುಂಗಿ ಎದ್ದು ಹೋಗ್ತಾರೆ. ಕೋಳಿ ಕಬಾಬ್ ಮುಂದೆ ಬಂದಾಗ ನೋಡಿ, ಪ್ರತಿಯೊಬ್ಬರಿಗೂ ಒಂದೊಂದು ಹಟ. ಒಬ್ಬರಿಗೆ ಲೆಗ್ ಪೀಸೇ ಆಗಬೇಕು. ಇನ್ನೊಬ್ಬರಿಗೆ ಮೂಳೆ ಕಂಡರೇ ಆಗೋಲ್ಲ. ಮತ್ತೊಬ್ಬರು ಬೋನ್‌ಲೆಸ್ ಅನ್ನೋದನ್ನ ಕೋಳಿ ಅಂತಲೇ ಒಪ್ಪೋದಿಲ್ಲ. ನಿಮ್ಮನೇಲೂ ಹೀಗೇ ಅಲ್ವಾ?

ಲೆಗ್ ಪೀಸಿನ ರಾಮಾಯಣ ಹೇಳೋದೇ ಬೇಡ. ಕೋಳಿಗೆ ದೇವರು ಕೊಟ್ಟಿದ್ದು ಎರಡೇ ಕಾಲು, ಮನೆಗೆ ಕೊಟ್ಟಿದ್ದು ಮೂರು ಮಕ್ಕಳು. ಮೊದಲೆಲ್ಲ ಹೆಂಗಸರು ತೊಡೆಯ ತುಂಡನ್ನೇ ತಟ್ಟೆಗೆ ಹಾಕಿ ‘ಇದೂ ಲೆಗ್ ಪೀಸೇ ಕಣೋ’ ಅಂತ ಸಮಾಧಾನ ಮಾಡೋರು. ಈಗಿನ ಮಕ್ಕಳು ಕೇಳ್ತಾವಾ? ಅದಕ್ಕೇ ಅಂಗಡಿಯವನು ಬರೀ ಲೆಗ್ ಪೀಸನ್ನೇ ಕೆ.ಜಿ. ಲೆಕ್ಕದಲ್ಲಿ ಮಾರ್ತಾನೆ. ತಲೆಗೆರಡು ಬಡಿಸಿದ್ರೂ ಮಿಕ್ಕುತ್ತೆ. ಜಗಳ ನಿಂತು ಹೋಯ್ತು, ಸರಿ. ಆದ್ರೆ ಕಿತ್ತಾಡಿ ತಿಂದ ಕಾಲಿಗಿದ್ದ ರುಚಿ ಈ ಪುಕ್ಕಟೆ ಕಾಲಿಗೆ ಬರಲೇ ಇಲ್ಲ ಅಂತ ನನಗನ್ನಿಸುತ್ತೆ.

ಇನ್ನು ಮನೆಯ ಹಿರಿಯರ ಕಥೆಯೇ ಬೇರೆ. ಕತ್ತಿನ ತುಂಡು, ರೆಕ್ಕೆ, ಯಾರಿಗೂ ಬೇಡವಾದ ಬೆನ್ನೆಲುಬಿನ ಚೂರು, ಇವೇ ಅವರಿಗಿಷ್ಟ. ‘ಮಾಂಸ ನೀವು ತಿನ್ನಿ, ನನಗೆ ಮೂಳೆ ಸಾಕು’ ಅಂತಾರೆ. ತ್ಯಾಗ ಅಂದ್ಕೊಂಡು ಕಣ್ಣೊದ್ದೆ ಮಾಡ್ಕೋಬೇಡಿ. ಮೂಳೆ ಪಕ್ಕದ ಮಾಂಸಕ್ಕಿರೋ ರುಚಿ ಎದೆಯ ತುಂಡಿಗೆಲ್ಲಿ ಬರುತ್ತೆ? ಅವರಿಗೆ ಅದು ಚೆನ್ನಾಗಿ ಗೊತ್ತು, ಹೇಳಲ್ಲ ಅಷ್ಟೆ.

ಮೂಳೆ ಅಂದಾಗ ಇನ್ನೊಂದು ತಕರಾರು ನೆನಪಾಯ್ತು. ಕಬಾಬ್ ಮುರಿದಾಗ ಮೂಳೆ ಹತ್ತಿರ ಒಂಚೂರು ಕೆಂಪು ಕಂಡರೆ ಸಾಕು, ‘ಬೆಂದೇ ಇಲ್ಲ’ ಅಂತ ತಟ್ಟೆ ದೂರ ತಳ್ಳೋರಿದ್ದಾರೆ. ನಮ್ಮ ಬ್ರಾಯ್ಲರ್ ಕೋಳಿ ಪಾಪ ನಲವತ್ತು ಚಿಲ್ಲರೆ ದಿನದ ಕೂಸು. ಮೂಳೆ ಇನ್ನೂ ಗಟ್ಟಿಯಾಗಿರಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತೆ. ಬೆಂದಿದೆಯೋ ಇಲ್ವೋ ಅನ್ನೋದಕ್ಕೆ ಅದು ಗುರುತಲ್ಲ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಕೋಳಿ ಬೆಂದ ಹಾಗೇ ಲೆಕ್ಕ. ಹಾಗಂತ ನಮ್ಮಲ್ಲಿ ಯಾರು ಥರ್ಮಾಮೀಟರ್ ಚುಚ್ತಾರೆ? ಜ್ವರ ಬಂದ ಮಗುವಿಗೇ ಕೈಹಿಂಬದಿ ಇಟ್ಟು ನೋಡೋ ಜನ ನಾವು. ಕಬಾಬ್ ಕರಿಯೋರು ಕಿವಿಯಲ್ಲೇ ಅಳೀತಾರೆ. ಹಾಕಿದ ತಕ್ಷಣ ಬಾಂಡ್ಲಿ ‘ಚರ್ರ್’ ಅಂತ ಬೊಬ್ಬೆ ಹೊಡೆಯುತ್ತಲ್ಲ, ಅದು ಮಾಂಸದ ನೀರು ಆವಿಯಾಗಿ ಓಡೋ ಸದ್ದು. ನೀರು ಕಮ್ಮಿಯಾದ ಹಾಗೆಲ್ಲ ಗುಳ್ಳೆ ಇಳಿಯುತ್ತೆ, ಸದ್ದು ಸಣ್ಣಗಾಗುತ್ತೆ. ಆಗ ತೆಗೀಬೇಕು. ಪಕ್ಕದಲ್ಲಿ ಟಿ.ವಿ. ಜೋರಾಗಿದ್ರೆ ಕಬಾಬ್ ಸೀದು ಹೋಗೋದು ಇದಕ್ಕೇ ಇರಬೇಕು, ಅಲ್ವಾ?

ನಮ್ಮಜ್ಜಿಯ ಊರಲ್ಲಿ ಈ ಕಬಾಬ್ ಗಿಬಾಬ್ ಏನೂ ಇರಲಿಲ್ಲ. ಕೋಳಿ ಕುಯ್ದರೆ ಸಾರು, ಸಾರಿದ್ದರೆ ಮುದ್ದೆ, ಅಲ್ಲಿಗೆ ಮುಗೀತು. ಅಜ್ಜಿ ಮಾಂಸ ಮುಟ್ಟಿದವರಲ್ಲ, ಆದ್ರೆ ಅಡುಗೆ ಪೂರ್ತಿ ಅವರದೇ. ಹಿತ್ತಲಲ್ಲಿ ಅದಕ್ಕೇ ಬೇರೆ ಒಲೆ, ಬೇರೆ ಪಾತ್ರೆ. ಸಾರು ಕುದೀತಾ ಇದ್ದಾಗ ಬಗ್ಗಿ ಒಂದು ಸಲ ಮೂಸಿ ‘ಉಪ್ಪು ಕಮ್ಮಿ’ ಅನ್ನೋರು. ನಾಲಿಗೆಗೆ ತಗಲಿಸದೆ ಉಪ್ಪು ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ ನಕ್ಕು ಸುಮ್ಮನಾಗೋರು. ತಿಂದೋರು ಯಾರೂ ದೂರಿದ್ದಿಲ್ಲ ನೋಡಿ. ಆ ನಾಟಿ ಕೋಳಿಯನ್ನ ಕರಿಯೋಕೆ ಹೋಗಬಾರದು ಅನ್ನೋದು ಬೇರೆ ಮಾತು. ಊರೆಲ್ಲ ಓಡಾಡಿ ಬೆಳೆದ ಕಾಲು ಅದು, ಕರಿದ್ರೆ ಹಲ್ಲಿಗೇ ಸವಾಲು ಹಾಕುತ್ತೆ. ಹೊತ್ತುಗಟ್ಟಲೆ ಬೆಂದು ರಸ ಬಿಡೋದಕ್ಕೆ ನಾಟಿ, ಬೇಗ ಕರಿದು ಮೆತ್ತಗಿರೋದಕ್ಕೆ ಬ್ರಾಯ್ಲರ್. ಒಂದರ ಕೆಲಸ ಇನ್ನೊಂದರ ಕೈಲಿ ಮಾಡಿಸಬಾರದು.

ಅಂಗಡಿಯವನೂ ಅದಕ್ಕೇ ಮೊದಲು ಕೇಳೋದು: ‘ಸಾರಿಗಾ, ಬಿರಿಯಾನಿಗಾ, ಕಬಾಬ್‌ಗಾ?’ ಕಬಾಬ್‌ಗೆ ಅಂದ್ರೆ ಸಣ್ಣ ತುಂಡು, ಚರ್ಮ ಸುಲಿದು. ಇದೊಂದು ವಿಚಿತ್ರ ನೋಡಿ. ಅಮೆರಿಕದ ಕೆಂಟಕಿಯ ಕರ್ನಲ್ ಸ್ಯಾಂಡರ್ಸ್ ಇದ್ದರಲ್ಲ, ಅದೇ ಬಿಳಿ ಗಡ್ಡದ ತಾತ, ಅವರ ಕಡೆಯೋರಿಗೆ ಕರಿದ ಕೋಳಿ ಅಂದ್ರೆ ಅರ್ಧ ಜೀವ ಚರ್ಮದಲ್ಲೇ. ಚರ್ಮ ಗರಿಗರಿ ಆಗಿಲ್ಲ ಅಂದ್ರೆ ಅವರಿಗದು ಊಟವೇ ಅಲ್ಲ. ನಾವೋ, ಅದನ್ನ ಸುಲಿಸಿ ಅಂಗಡೀಲೇ ಬಿಟ್ಟು ಬರ್ತೀವಿ. ಆಮೇಲೆ ಮನೆಗೆ ಬಂದು ಮೆಣಸಿನ ಪುಡಿ, ಶುಂಠಿ-ಬೆಳ್ಳುಳ್ಳಿ, ಕಾರ್ನ್‌ಫ್ಲೋರು, ಅಕ್ಕಿ ಹಿಟ್ಟು ಎಲ್ಲ ಮೆತ್ತಿ ಹೊಸ ಚರ್ಮ ಹೊಲೀತೀವಿ! ಮೆತ್ತೋದರಲ್ಲೂ ಪಂಗಡ. ಮೊಟ್ಟೆ ಹಾಕೋರು, ಹಾಕದೋರು. ಮೊಸರು ಅನ್ನೋರು, ನಿಂಬೆಹಣ್ಣು ಅನ್ನೋರು. ಮೈದಾ ಅಂದ್ರೆ ಮೂಗು ಮುರಿಯೋರು. ಇದ್ಯಾವುದರ ಗೋಜೂ ಬೇಡ ಅಂತ ಕಬಾಬ್ ಪೌಡರ್ ಪ್ಯಾಕೆಟ್ ಕತ್ತರಿಸೋರು. ಪ್ಯಾಕೆಟ್‌ನೋರನ್ನ ಉಳಿದೋರು ಸ್ವಲ್ಪ ಕೀಳಾಗಿ ನೋಡ್ತಾರೆ. ಆದ್ರೆ ಅವರ ಮನೆಗೆ ಕರೆದ್ರೆ ಎರಡನೇ ಸಲ ಹಾಕಿಸ್ಕೊಂಡು ತಿಂತಾರೆ. ಯಾಕೆ ಸುಮ್ನೆ ಬಿಡಿ.

ಈಗ ಬಣ್ಣದ ವಿಷಯಕ್ಕೆ ಬರೋಣ. 2024ರಲ್ಲಿ ಸರ್ಕಾರ ಮೊದಲು ಗೋಬಿ ಮಂಚೂರಿಯ ಬಣ್ಣ ಇಳಿಸ್ತು, ಜೂನ್‌ನಲ್ಲಿ ಕಬಾಬ್ ಸರದಿ ಬಂತು. ಪರೀಕ್ಷೆಗೆ ಕಳಿಸಿದ 39 ಮಾದರಿಯಲ್ಲಿ 8ರಲ್ಲಿ ಕೃತಕ ಬಣ್ಣ ಸಿಕ್ತಂತೆ. ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಅಂತ ಹೆಸರುಗಳು. ಸೀರೆ ಅಂಗಡೀಲಿ ಕೇಳಬೇಕಾದ ಹೆಸರು ತಟ್ಟೆಯಲ್ಲಿ ಬಂದರೆ ಹೇಗೆ ಹೇಳಿ! ಆಮೇಲೆ ಒಂದಷ್ಟು ದಿನ ಗಾಡಿ ಮುಂದೆ ನಿಂತ ಗಿರಾಕಿಗಳ ಮುಖ ನೋಡಬೇಕಿತ್ತು. ‘ಏನಪ್ಪಾ, ಮಸಾಲೆ ಕಮ್ಮಿ ಮಾಡಿದ್ದೀಯಾ?’ ಅಂತ ಗಾಡಿಯವನನ್ನ ಕೇಳೋರು. ಮಸಾಲೆ ಅಷ್ಟೇ ಇತ್ತು, ಕೆಂಪೊಂದು ಹೋಗಿತ್ತು ಅಷ್ಟೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ ಹಿರಿಯರು. ಕಬಾಬ್ ವಿಷಯದಲ್ಲಿ ಊಟವನ್ನೂ ನೋಟವೇ ತೀರ್ಮಾನ ಮಾಡ್ತಿತ್ತು ಅನ್ನೋದು ಆಗ ಗೊತ್ತಾಯ್ತು.

ಬ್ಯಾಡಗಿ ಮೆಣಸಿನಕಾಯಿ ಇರೋ ನಾಡಲ್ಲಿ ಬಣ್ಣಕ್ಕೆ ಬರ ಬರಬೇಕಾ ಅಂತ ನೀವು ಕೇಳಬಹುದು. ಖಾರ ಕಮ್ಮಿ, ಕೆಂಪು ಜಾಸ್ತಿ ಅನ್ನೋದೇ ಅದರ ಹೆಗ್ಗಳಿಕೆ. ಭೌಗೋಳಿಕ ಗುರುತಿನ ಪಟ್ಟ ಬೇರೆ 2011ರಲ್ಲಿ ಸಿಕ್ಕಿದೆ. ಅದರ ಬಣ್ಣ ಹಿಂಡಿ ಲಿಪ್‌ಸ್ಟಿಕ್ಕಿಗೂ ಹಾಕ್ತಾರೆ ಅನ್ನೋ ಮಾತಿದೆ. ಆದ್ರೆ ಕಾದ ಎಣ್ಣೆಯಲ್ಲಿ ಮೆಣಸಿನಕಾಯಿಯ ಕೆಂಪು ನಿಲ್ಲೋಲ್ಲ, ಕಂದು ತಿರುಗುತ್ತೆ. ಡಬ್ಬಿಯ ಬಣ್ಣ ಜಗ್ಗಲ್ಲ, ಸೀದರೂ ಕೆಂಪಗೇ ಇರುತ್ತೆ. ಗಾಡಿಯವನ ಲೆಕ್ಕಾಚಾರ ಅಲ್ಲಿತ್ತು. ನನಗಂತೂ ಈಗಿನ ಕಂದು ಕಬಾಬೇ ಸರಿ. ಮುಂಚೆ ತಿಂದು ಕೈ ತೊಳೆದ ಮೇಲೂ ಉಗುರು ಮಾರನೇ ದಿನ ಆಫೀಸಲ್ಲಿ ಚಾಡಿ ಹೇಳ್ತಿತ್ತು. ಅದೂ ಸೋಮವಾರ!

ಸೋಮವಾರ ಅಂದೆನಲ್ಲ, ಈ ವಾರಗಳ ಲೆಕ್ಕ ಇನ್ನೊಂದು ತಮಾಷೆ. ಸೋಮವಾರ ಶಿವನದು, ಶನಿವಾರ ಹನುಮಂತನದು, ಗುರುವಾರ ಕೆಲವರಿಗೆ ರಾಯರದು, ಶ್ರಾವಣ ಪೂರ್ತಿ ಎಲ್ಲರದೂ. ಉಳಿದ ದಿನ ಹಿಡಿದು ನಾವು ತಿಂದದ್ದೇ ಬಂತು. ಅದಕ್ಕೇ ಶ್ರಾವಣ ಹಿಡಿಯೋ ಮುಂಚಿನ ಭಾನುವಾರ ಕೋಳಿ ಅಂಗಡಿ ಮುಂದೆ ಆ ಪಾಟಿ ಜನ. ಯುಗಾದಿ ಮಾರನೇ ದಿನದ ಹೊಸತೊಡಕಂತೂ ಕೇಳಲೇಬೇಡಿ, ಬೆಳಕು ಹರಿಯೋ ಮುಂಚೆ ಕ್ಯೂ. ಹಳೇ ಮೈಸೂರು ಕಡೆ ಆ ದಿನ ಮಟನ್‌ಗೇ ಪಟ್ಟ, ಕಬಾಬ್ ನಂಚಿಕೊಳ್ಳೋಕೆ. ನಮ್ಮ ಎದುರುಮನೆ ಗೌಡ್ರು ಶನಿವಾರ ರಾತ್ರಿ ಹನ್ನೆರಡು ಹೊಡೆಯೋ ತನಕ ಕಾದು ‘ಭಾನುವಾರ ಆಯ್ತಲ್ಲ’ ಅಂತ ಫ್ರಿಜ್ ಬಾಗಿಲು ತೆಗೀತಾರೆ. ಸೂರ್ಯ ಹುಟ್ಟಿದ ಮೇಲೆ ವಾರ ಬದಲಾಗೋದು ಅಂತ ಅವರ ಮನೆಯಾಕೆ ವಾದ. ಪಂಚಾಂಗ ಹೆಂಡತಿ ಕಡೆ, ಗಡಿಯಾರ ಗಂಡನ ಕಡೆ. ನಾವ್ಯಾಕೆ ಮಧ್ಯೆ ಹೋಗೋದು?

ಕರಿದ ಕೋಳಿಗಾಗಿ ನಮ್ಮೂರಲ್ಲಿ ಬೀದಿ ಜಗಳವೂ ಆಗಿದೆ, ನೆನಪಿದೆಯಾ? 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆ.ಎಫ್.ಸಿ. ಬಂದಾಗ ಟೇಸ್ಟಿಂಗ್ ಪೌಡರ್ ಜಾಸ್ತಿ ಅಂತ ಪಾಲಿಕೆ ತಡೆದದ್ದು, ವಿಷಯ ಕೋರ್ಟಿಗೆ ಹೋದದ್ದು, 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದೋರು ಒಳಗೆ ನುಗ್ಗಿದ್ದು, ಎಲ್ಲಾ ಪೇಪರಲ್ಲಿ ಬಂದಿತ್ತಲ್ಲ. ಅಂಥ ದೊಡ್ಡ ವಿಚಾರ ಮಾತಾಡೋ ಅಷ್ಟು ಹೊತ್ತಲ್ಲೂ ಎರಡು ಬೀದಿ ಆಚೆ ನಮ್ಮ ಗಾಡಿಯವನು ತನ್ನ ಪಾಡಿಗೆ ಕರೀತಾನೇ ಇದ್ದ. ಈಗ ಯಾವ ಸಣ್ಣ ಊರಿಗೆ ಹೋದ್ರೂ ಮೂರಕ್ಷರದ ಕೆಂಪು ಬೋರ್ಡೊಂದು ಇರುತ್ತೆ. ಮೊದಲನೇ ಅಕ್ಷರ ಮಾತ್ರ ಊರಿಂದೂರಿಗೆ ಬೇರೆ!

ಮದ್ರಾಸಿನೋರದು ಇನ್ನೊಂದು ದಾರಿ. ಅಲ್ಲಿನ ಬುಹಾರಿ ಹೋಟೆಲ್‌ನೋರು 1965ರಲ್ಲಿ ಚಿಕನ್ 65 ಮಾಡಿದ್ರು, ದೇಶ ಪೂರ್ತಿ ಹಬ್ಬಿತು. ಆಮೇಲೆ ಅವರೇ ಚಿಕನ್ 78, 82, 90 ಅಂತೆಲ್ಲ ತಂದರು. ಯಾರಾದ್ರೂ ನೆಂಟರ ಮನೇಲಿ ‘ಇವತ್ತು ಚಿಕನ್ 78 ಮಾಡಿದ್ದೀವಿ, ಬನ್ನಿ’ ಅಂದಿದ್ದು ಕೇಳಿದ್ದೀರಾ? ಅಣ್ಣನಿಗೆ ಬಂದ ಯೋಗ ತಮ್ಮಂದಿರಿಗೆ ಬರಲಿಲ್ಲ.

ಮತ್ತೆ ನಮ್ಮ ಗಾಡಿಗೇ ಬರೋಣ. ಸಂಜೆ ಐದಕ್ಕೇ ಅವನು ಎಲ್ಲವನ್ನೂ ಒಂದು ಸುತ್ತು ಕರಿದು ಗುಡ್ಡೆ ಹಾಕಿರ್ತಾನೆ, ಗಿರಾಕಿ ಬಂದಾಗ ಇನ್ನೊಂದು ಸುತ್ತು. ಇದನ್ನ ನೋಡಿ ‘ಹಳೇದನ್ನ ಬಿಸಿ ಮಾಡ್ತಾನೆ’ ಅನ್ನೋರಿದ್ದಾರೆ. ಅದೇ ಅವನ ವಿದ್ಯೆ ಸ್ವಾಮಿ! ಮೊದಲ ಸುತ್ತಲ್ಲಿ ಮಾಂಸ ಬೇಯುತ್ತೆ. ಸುಮ್ಮನೆ ಕೂತಾಗ ಒಳಗಿನ ತೇವ ಹೊರಗಿನ ಪದರಕ್ಕೆ ಬರುತ್ತೆ. ಎರಡನೇ ಸುತ್ತು ಆ ತೇವವನ್ನ ಓಡಿಸಿ ಗರಿಗರಿ ಮಾಡುತ್ತೆ. ಅನುಮಾನ ಪಡೋದಿದ್ರೆ ಎಣ್ಣೆ ಮೇಲೆ ಪಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಸೇರಿಕೊಳ್ಳೋ ಪೋಲಾರ್ ಸಂಯುಕ್ತಗಳು ಶೇ 25 ದಾಟಬಾರದು ಅಂತ 2018ರ ಜುಲೈಯಿಂದ ದೇಶಕ್ಕೆಲ್ಲ ನಿಯಮ ಇದೆ. ಅದನ್ನ ಅಳೆಯೋ ಯಂತ್ರ ನಮ್ಮ ಹತ್ತಿರ ಎಲ್ಲಿದೆ? ಎಣ್ಣೆ ಕಪ್ಪಗೆ ಮಂದವಾಗಿ, ನೊರೆ ಕಟ್ಟಿ, ಹೊಗೆಯಾಡ್ತಿದ್ರೆ ಮುಂದಿನ ಗಾಡಿಗೆ ಹೋಗಿಬಿಡಿ.

ಕೊನೆಗೆ ಬಾಂಡ್ಲಿಗೆ ಬೀಳೋ ಕರಿಬೇವಿನ ಮಹಿಮೆ ಗಮನಿಸಿದ್ದೀರಾ? ಬೆಳಿಗ್ಗೆ ಉಪ್ಪಿಟ್ಟಿನಿಂದ ಒಂದೊಂದೇ ಎಲೆ ಹೆಕ್ಕಿ ತಟ್ಟೆ ಅಂಚಿಗೆ ಸಾಲು ನಿಲ್ಲಿಸಿದ ಅದೇ ಮನುಷ್ಯ, ಸಂಜೆ ಕಬಾಬ್ ಮೇಲಿನ ಕರಿಬೇವಿಗೆ ಕೈ ಒಡ್ಡಿ ಇನ್ನಷ್ಟು ಕೇಳ್ತಾನೆ. ಇನ್ನು ಕೆಲವರಿಗೆ ಜಾಲರಿಯಲ್ಲಿ ಸೋಸಿ ತೆಗೆದ ಪುಡಿಯೇ ಪ್ರಾಣ. ಕೋಳಿಯ ಚೂರೂ ಅಲ್ಲದ, ಬರೀ ಉದುರಿದ ಹಿಟ್ಟು ಅದು. ‘ಅಣ್ಣಾ, ಸ್ವಲ್ಪ ಪುಡಿ ಹಾಕು’ ಅನ್ನೋ ದನಿಯಲ್ಲಿರೋ ದೈನ್ಯ ಸಾಲ ಕೇಳುವಾಗಲೂ ಇರಲ್ಲ.

ಇಷ್ಟೆಲ್ಲ ಜನರ ಹಟ ಹೇಳಿ ನನ್ನದು ಹೇಳದಿದ್ರೆ ಹೇಗೆ? ಲೆಗ್ಗೋ ರೆಕ್ಕೆಯೋ, ಮೊಟ್ಟೆ ಹಾಕಿದ್ದೋ ಹಾಕದ್ದೋ, ಕೆಂಪೋ ಕಂದೋ, ನನಗೆ ಯಾವುದಾದ್ರೂ ನಡೆಯುತ್ತೆ. ಪಾರ್ಸೆಲ್ ಮಾತ್ರ ಆಗಲ್ಲ. ಬಿಸಿ ಕಬಾಬನ್ನ ಕವರಲ್ಲಿ ಕಟ್ಟಿ ಗಂಟು ಹಾಕಿದ್ರಿ ಅಂದ್ರೆ ಒಳಗಿನ ಹಬೆ ಎಲ್ಲಿಗೆ ಹೋಗಬೇಕು? ತಿರುಗಿ ಆ ಪದರದ ಮೇಲೇ ಕೂರುತ್ತೆ. ಎರಡು ಸುತ್ತು ಕರಿದು ಓಡಿಸಿದ ತೇವವನ್ನ ನೀವೇ ಕೈ ಹಿಡಿದು ಒಳಗೆ ಕರೆದ ಹಾಗಾಯ್ತು. ಮನೆ ಮುಟ್ಟೋದ್ರಲ್ಲಿ ಮೆತ್ತಗಾಗಿರುತ್ತೆ, ಮೈಕ್ರೋವೇವ್‌ನಲ್ಲಿಟ್ರೆ ಇನ್ನೂ ಸೋಲುತ್ತೆ. ಮನೇಲಿ ಕಾಯೋರಿದ್ದು ತರಲೇಬೇಕು ಅಂದ್ರೆ ಕವರ್ ಬಾಯಿ ಬಿಚ್ಚಿಟ್ಟು ತನ್ನಿ, ಬಂದ ಮೇಲೆ ಬಾಂಡ್ಲಿಯಲ್ಲಿ ಒಂದು ನಿಮಿಷ ತಿರುವಿ. ನ್ಯೂಸ್‌ಪೇಪರಲ್ಲಂತೂ ಸುತ್ತಿಸಬೇಡಿ, ಮಸಿ ಹೊಟ್ಟೆಗೆ ಹೋಗುತ್ತೆ ಅಂತ ಆಹಾರ ಸುರಕ್ಷತೆಯೋರು ಎಷ್ಟು ಸಲ ಹೇಳಿಯಾಯ್ತು. ಇದ್ಯಾವುದೂ ರಗಳೆಯೇ ಬೇಡ ಅನ್ನೋದಾದ್ರೆ, ಮನೆಯವರನ್ನೂ ಜೊತೆಗೇ ಕರ್ಕೊಂಡು ಹೋಗಿ, ಬಾಂಡ್ಲಿ ಪಕ್ಕದಲ್ಲೇ ನಿಂತು, ನಾಲಿಗೆ ಸುಟ್ಟುಕೊಂಡು ತಿಂದು ಬನ್ನಿ.